ದೃಷ್ಟಿ ಮೇಲೋ, ಶಾಪ ಮೇಲೋ

ಭಾನುವಾರ ಮಧ್ಯಾಹ್ನ ಊರೆಲ್ಲ ಉಂಡು ಮಲಗುವ ಹೊತ್ತಿಗೆ ನಾವು ನಾಲ್ಕು ಜನ ಕೂತು, ಯಾರಿಗೆ ಯಾವ ಶಾಪ ಹಾಕಿದರೆ ಚೆನ್ನ ಅಂತ ಚರ್ಚೆ ಮಾಡುತ್ತಿದ್ದೆವು. ಅದೂ ಗಟ್ಟಿ ದನಿಯಲ್ಲಿ, ಕಿಟಕಿ ಬಾಗಿಲು ತೆಗೆದಿಟ್ಟುಕೊಂಡು. ಇಂಥವರ ಬದುಕಿನಲ್ಲಿ ಎಡವಟ್ಟು ಆಗದಿದ್ದರೇ ಆಶ್ಚರ್ಯ. ಆದವು, ಆಗುತ್ತಲೇ ಇದ್ದವು. ಪುಣ್ಯಕ್ಕೆ ಪ್ರತಿ ಸಲವೂ ಹೇಗೋ ಬಚಾವಾದೆವು.

ಮೊದಲು ಆಟ ಏನು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೂ ಗಾಬರಿಯಾಗುತ್ತೀರಿ. ಇದು ಮೇಜಿನ ಸುತ್ತ ಕೂತು ಆಡುವ ಕಥೆಯ ಆಟ. ಒಬ್ಬ ಕಥೆ ಹೇಳುತ್ತಾನೆ. ಉಳಿದವರು ಅದರೊಳಗೆ ವೀರ, ಮಾಂತ್ರಿಕ, ಕಳ್ಳ ಹೀಗೆ ಒಂದೊಂದು ಪಾತ್ರ ಆಗುತ್ತಾರೆ. "ಎದುರಿಗೆ ಗುಹೆ ಇದೆ, ಒಳಗೆ ಏನೋ ಗುರುಗುಟ್ಟುತ್ತಿದೆ, ಏನು ಮಾಡ್ತೀರಿ?" ಅಂತ ಅವನು ಕೇಳಿದರೆ, ಇವರು ದಾಳ ಉರುಳಿಸಿ ಹೊಡೆಯುತ್ತಾರೆ ಅಥವಾ ಓಡುತ್ತಾರೆ. ಆರ್.ಟಿ. ನಗರದಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ನಾನು ಕಥೆ ಹೇಳುವವನು. ಆಡುವವರು ಮೂವರು: ಒಬ್ಬ ವಕೀಲ, ಒಬ್ಬರು ಯಲಹಂಕದ ಶಾಲೆಯಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರು, ಇನ್ನೊಬ್ಬರು ಹೆಬ್ಬಾಳದ ಹತ್ತಿರ ಕ್ಲಿನಿಕ್ ನಡೆಸುವ ಫಿಸಿಯೋ ಮೇಡಂ.

ಆ ಆಟದ ಪುಸ್ತಕದಲ್ಲಿ ಒಂದೇ ಥರ ಕಾಣುವ ಎರಡು ಮಂತ್ರಗಳಿದ್ದವು. ಇಂಗ್ಲಿಷಿನ ಹೆಸರು ಏನೇ ಇರಲಿ, ನಮ್ಮ ಬಾಯಲ್ಲಿ ಒಂದು 'ದೃಷ್ಟಿ' ಆಯಿತು, ಇನ್ನೊಂದು 'ಶಾಪ' ಆಯಿತು. ದೃಷ್ಟಿಯನ್ನು ದೂರದಿಂದಲೇ ಹಾಕಬಹುದು, ಆದರೆ ಹಾಕಿದವನು ಅದರ ಮೇಲಿನ ಗಮನ ಬಿಡುವಂತಿಲ್ಲ. ಶಾಪವನ್ನು ಹತ್ತಿರ ಹೋಗಿ ಮುಟ್ಟಿಯೇ ಹಾಕಬೇಕು, ತಗುಲಿದರೆ ಕೈಕಾಲು ಸೋತುಹೋಗುತ್ತದೆ. ವಕೀಲ ದೃಷ್ಟಿಯ ಪಕ್ಷ, ಮೇಷ್ಟ್ರು ಶಾಪದ ಪಕ್ಷ. ನಮಗೆ ಬಂದ ತಾಪತ್ರಯವೆಲ್ಲ ಈ ಎರಡರಿಂದಲೇ.

ಮುದುಕನ ಬಲಗೈ

ಆಗ ನಾನು ಬಾಡಿಗೆಗಿದ್ದದ್ದು ಮೊದಲನೇ ಮಹಡಿಯಲ್ಲಿ. ಕೆಳಗೆ ಮನೆ ಮಾಲೀಕರು. ರಿಟೈರಾದವರು, ಒಬ್ಬರೇ ಇದ್ದರು, ನೀರಿನ ಮೋಟರಿನ ಸ್ವಿಚ್ಚು ಅವರ ಕೈಲಿತ್ತು. ನಾನು ಸ್ನಾನಕ್ಕೆ ನಿಂತಾಗಲೇ ಟ್ಯಾಂಕು ಖಾಲಿಯಾಗುವುದು ಹೇಗೆ ಅಂತ ಅವರಿಗೂ ನನಗೂ ಆಗಾಗ ಮಾತು ನಡೆಯುತ್ತಿತ್ತು.

ಅಂಥದ್ದೊಂದು ಮಾತಾದ ಮರುದಿನವೇ ಭಾನುವಾರ. ಕಥೆಯಲ್ಲಿ ನಮ್ಮವರಿಗೆ ಅಡ್ಡ ನಿಂತದ್ದು ಒಬ್ಬ ಮುದುಕ ಮಂತ್ರವಾದಿ. ವಕೀಲ ಜೋರಾಗಿ ಹೇಳಿದ, "ಮುದುಕನ್ನ ಹತ್ರ ಹೋಗಿ ಮುಟ್ಟೋದೆಲ್ಲ ಬೇಡ ಗುರು. ಮೇಲಿಂದಲೇ ದೃಷ್ಟಿ ಹಾಕೋಣ."

ಮೇಷ್ಟ್ರು, "ಇಲ್ಲ ಇಲ್ಲ, ಬಲಗೈ ಮುಟ್ಟಿ ಶಾಪ ಹಾಕಿದ್ರೆ ಆ ಕೈ ಮೇಲಕ್ಕೇ ಏಳಲ್ಲ. ಆಮೇಲೆ ಮುದುಕ ಏನ್ ಮಾಡ್ತಾನೆ?" ಅಂದರು.

ಕೆಳಗೆ ಬಟ್ಟೆ ಒಣಹಾಕುತ್ತಿದ್ದ ಮಾಲೀಕರಿಗೆ ಇಷ್ಟೂ ಕೇಳಿಸಿದೆ. ನಮಗೆ ಗೊತ್ತಿಲ್ಲ.

ಆ ವಾರದಲ್ಲಿ ಅವರು ಫಿಸಿಯೋ ಮೇಡಂ ಕ್ಲಿನಿಕ್ಕಿಗೆ ಹೋದರು. ಮೇಡಂ ನನ್ನ ಸ್ನೇಹಿತೆ ಅಂತ ಮಾಲೀಕರಿಗೆ ಗೊತ್ತಿರಲಿಲ್ಲ, ಯಾಕಂದರೆ ಭಾನುವಾರ ಅವರು ಹೆಲ್ಮೆಟ್ ಹಾಕಿಕೊಂಡೇ ಮೆಟ್ಟಿಲು ಹತ್ತುತ್ತಿದ್ದರು. ಮಾಲೀಕರ ಬಲಗೈ ಭುಜದಿಂದ ಮೇಲಕ್ಕೆ ಏಳುತ್ತಿಲ್ಲ. "ಎಷ್ಟು ದಿನದಿಂದ ಅಂಕಲ್?" ಅಂತ ಕೇಳಿದರೆ ಅವರು ಕಣ್ಣಲ್ಲಿ ನೀರು ತಂದುಕೊಂಡು, "ನೋವು ಮೊದಲಿಂದಾನೂ ಇತ್ತಮ್ಮಾ. ಆದ್ರೆ ಭಾನುವಾರ ನಮ್ಮ ಬಾಡಿಗೆಯವನು ಸ್ನೇಹಿತರನ್ನ ಕೂರಿಸ್ಕೊಂಡು ನನ್ನ ಬಲಗೈಗೇ ಶಾಪ ಹಾಕಿಸ್ದ. ನಾನೇ ಕಿವಿಯಾರೆ ಕೇಳಿದೀನಿ. ರಾತ್ರಿ ನಿದ್ದೆ ಬರ್ತಿಲ್ಲ" ಅಂದರಂತೆ.

ಮೇಡಂಗೆ ನಗು ತಡೆಯಲಾಗಲಿಲ್ಲ, ಜೊತೆಗೆ ಪಾಪ ಅನ್ನಿಸಿತು. ಎಲ್ಲವನ್ನೂ ಬಿಡಿಸಿ ಹೇಳಿ, ಇದು ಭುಜದ ಕೀಲು ಬಿಗಿದುಕೊಳ್ಳುವ ಮಾಮೂಲಿ ತೊಂದರೆ, ವ್ಯಾಯಾಮ ಮಾಡಿದರೆ ಬಿಡುತ್ತದೆ ಅಂತ ಧೈರ್ಯ ತುಂಬಿ ಕಳಿಸಿದರು.

ಸಂಜೆ ಮಾಲೀಕರು ಮೆಟ್ಟಿಲು ಹತ್ತಿ ಬಂದರು. ನಾನು ಕ್ಷಮೆ ಕೇಳುವ ಮೊದಲೇ, "ಅದಿರಲಿ, ಆ ಮುದುಕ ಏನಾದ?" ಅಂದರು.

"ಯಾವ ಮುದುಕ ಅಂಕಲ್?"

"ಅದೇರೀ, ನಿಮ್ಮ ಕಥೆಯವನು. ಕೈ ಬಿದ್ದುಹೋಯ್ತಾ?"

"ಇಲ್ಲ ಅಂಕಲ್. ದೃಷ್ಟಿನೂ ನಾಟಲಿಲ್ಲ, ಶಾಪಾನೂ ತಗಲಲಿಲ್ಲ. ಕೋಲು ತಗೊಂಡು ನಮ್ಮನ್ನೇ ಅಟ್ಟಿಸ್ಕೊಂಡು ಬಂದ."

ಮಾಲೀಕರ ಮುಖ ಅರಳಿಹೋಯಿತು. "ಮತ್ತೆ! ವಯಸ್ಸಾದೋರು ಅಂದ್ರೆ ಏನಂದ್ಕೊಂಡಿದ್ರಿ?" ಅಂದು ಕೆಳಗಿಳಿದು ಮೋಟರ್ ಹಾಕಿದರು. ಆವತ್ತಿನಿಂದ ನನಗೆ ನೀರಿನ ತೊಂದರೆ ಬರಲಿಲ್ಲ. ಆದರೆ ಪ್ರತಿ ಸೋಮವಾರ ಗೇಟಿನ ಹತ್ತಿರ ನಿಂತು, "ಹೇಗಿದ್ದಾನೆ ನಮ್ಮೋನು?" ಅಂತ ವಿಚಾರಿಸುತ್ತಿದ್ದರು. ಆ ಮನೆ ಬಿಡುವವರೆಗೂ ಆ ಮಂತ್ರವಾದಿಯನ್ನು ಸಾಯಿಸುವ ಧೈರ್ಯ ನಮಗೆ ಬರಲಿಲ್ಲ.

ಗಮನದ ಪರೀಕ್ಷೆ

ದೃಷ್ಟಿಗೆ ಗಮನ ಬಿಡಬಾರದು ಅಂದೆನಲ್ಲ. ಮೇಷ್ಟ್ರ ವಾದ ಇಷ್ಟೇ: ಯುದ್ಧದ ಮಧ್ಯೆ ಒಬ್ಬನ ಮೇಲೇ ಮನಸ್ಸಿಟ್ಟುಕೊಂಡು ಇರುವುದು ಮನುಷ್ಯಮಾತ್ರದವರಿಗೆ ಸಾಧ್ಯವಿಲ್ಲ, ಹಾಗಾಗಿ ದೃಷ್ಟಿ ಕೆಲಸಕ್ಕೆ ಬಾರದ್ದು. ವಕೀಲನಿಗೆ ರೇಗಿತು. "ಕೋರ್ಟಲ್ಲಿ ನೂರು ಜನ ಕೂಗಾಡ್ತಿರ್ತಾರೆ. ನಾನು ಜಡ್ಜ್ ಮುಖ ಬಿಟ್ಟು ಬೇರೆ ಕಡೆ ನೋಡಲ್ಲ. ಗಮನದ ವಿಷ್ಯ ನನಗೆ ಹೇಳ್ಬೇಡಿ."

ಫಿಸಿಯೋ ಮೇಡಂ ಪರೀಕ್ಷೆ ಇಟ್ಟೇಬಿಟ್ಟರು. ಆರ್.ಟಿ. ನಗರದ ದರ್ಶಿನಿಯಲ್ಲಿ ನಾವೆಲ್ಲ ತಿನ್ನುವಷ್ಟು ಹೊತ್ತು ವಕೀಲ ಮೇಷ್ಟ್ರ ಮುಖದ ಮೇಲೇ ಕಣ್ಣಿಟ್ಟು ನಿಂತಿರಬೇಕು. ಒಂದು ಸಲ ಕಣ್ಣು ಆಚೆ ಹೋದರೂ ದೃಷ್ಟಿ ಮುರಿಯಿತು ಅಂತ ಲೆಕ್ಕ.

ನಿಂತ ಮಹಾರಾಯ. ಪಕ್ಕದ ಮೇಜಿನಲ್ಲಿ ಯಾರದೋ ಕಾಫಿ ಚೆಲ್ಲಿತು, ಅವನು ತಿರುಗಲಿಲ್ಲ. ರಸ್ತೆಯಲ್ಲಿ ಎರಡು ಬೈಕುಗಳು ಒಂದಕ್ಕೊಂದು ತಾಗಿ ಜಗಳ ಶುರುವಾಯಿತು, ಅವನು ಕದಲಲಿಲ್ಲ. ಮೇಷ್ಟ್ರಿಗೆ ತುತ್ತು ಇಳಿಯದಾಯಿತು. "ಹಿಂಗೆ ನೋಡ್ತಿದ್ರೆ ಹೆಂಗ್ರೀ ತಿನ್ನೋದು? ಒಪ್ಕೊಂಡೆ ಮಾರಾಯ, ದೃಷ್ಟಿನೇ ಮೇಲು!" ಅಂತ ಅವರ ಬಾಯಿಂದ ಬರುವುದರಲ್ಲಿತ್ತು. ಅಷ್ಟರಲ್ಲಿ ಕೌಂಟರಿನವನು ಕೂಗಿದ, "ಖಾಲಿ ದೋಸೆ ಲಾಸ್ಟು! ಯಾರದು?"

"ನಂದು!" ಅಂತ ವಕೀಲ ಓಡಿದ.

ನಾದಿನಿಯ ಕೇಸು

ಇನ್ನೊಂದು ಸಲ ಹೆಬ್ಬಾಳದಿಂದ ಯಲಹಂಕಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆವು. ಫ್ಲೈಓವರ್ ಹತ್ತಿರ ಎಂದಿನಂತೆ ಬಸ್ಸು ನಿಂತುಬಿಟ್ಟಿತು. ಹೊತ್ತು ಹೋಗಬೇಕಲ್ಲ, ವಕೀಲನೂ ಮೇಷ್ಟ್ರೂ ಮತ್ತೆ ಅದನ್ನೇ ಹಿಡಿದರು. ಸುತ್ತಮುತ್ತ ಜನ ಇದ್ದಾರೆ ಅನ್ನುವುದು ಇಬ್ಬರಿಗೂ ಮರೆತುಹೋಗಿತ್ತು.

ಹಿಂದಿನ ಸೀಟಿನಲ್ಲಿ ಖಾಲಿ ಸೊಪ್ಪಿನ ಕುಕ್ಕೆ ಕಾಲಡಿ ಇಟ್ಟುಕೊಂಡು ಒಬ್ಬ ಹೆಂಗಸು ಕೂತಿದ್ದಳು. ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡುತ್ತಿದ್ದಾಳೆ ಅಂದುಕೊಂಡಿದ್ದೆ. ಇದ್ದಕ್ಕಿದ್ದ ಹಾಗೆ ಮುಂದಕ್ಕೆ ಬಗ್ಗಿ ವಕೀಲನ ಭುಜ ತಟ್ಟಿದಳು. ಕೂಗಿ ಜನ ಸೇರಿಸಿದರೆ ಬಸ್ಸಿನಲ್ಲೇ ನಮಗೆ ಪೂಜೆ ಗ್ಯಾರಂಟಿ.

ಅವಳು ದನಿ ತಗ್ಗಿಸಿ, "ಅಣ್ಣಾ, ನಮ್ ನಾದಿನಿಗೆ ಎಲ್ಡ್ರಾಗೆ ಯಾವ್ದು ಆಯ್ತದೆ?" ಅಂದಳು.

ಅದು ಬರೀ ಆಟ ಅಂತ ನಾನು ಹೇಳಹೊರಟೆ, ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. "ಆಟ್ವೋ ಪಾಟ್ವೋ, ನಂಗೊಂದ್ ಏಳಿ ಸಾಕು. ಮುಟ್ಟಿ ಆಕೋದು ಆಗಾಕಿಲ್ಲ. ಅವಳ ಅಟ್ಟೀಗೆ ನಾನು ಕಾಲಿಡಾಕಿಲ್ಲ ಅಂತ ಆಣೆ ಮಾಡಿವ್ನಿ."

ಬೇರೆ ದಾರಿಯಿಲ್ಲದೆ ವಕೀಲ, "ಹಾಗಾದ್ರೆ ದೃಷ್ಟಿ ಅಮ್ಮಾ. ದೂರದಿಂದಲೇ ಆಗುತ್ತೆ" ಅಂದ.

"ಅದೇ ವಾಸಿ. ಎಂಗೆ ಆಕೋದು?"

"ಹಾಕೋದು ಸುಲಭ. ಆದ್ರೆ ಹಾಕಿದ ಮೇಲೆ ಮನಸ್ಸು ಅವರ ಮೇಲೇ ಇರ್ಬೇಕು. ಕೂತ್ರೂ ನಿಂತ್ರೂ ಅವರದೇ ಯೋಚನೆ. ಬೇರೆ ಕಡೆ ಹೋದ್ರೆ ಮುಗೀತು."

ಬಸ್ಸು ಹೊರಟಿತು. ಅವಳು ಕುಕ್ಕೆಯನ್ನು ಮಡಿಲಿಗೆ ಎತ್ತಿಕೊಂಡು, "ಮದ್ವೆ ಆದಾಗ್ಲಿಂದ ಅದೇ ಮಾಡ್ಕಂಡ್ ಬತ್ತಾ ಇವ್ನಿ ಕಣಣ್ಣಾ. ಅವ್ಳು ಗುಂಡ್ಕಲ್ಲಂಗೆ ಅವ್ಳೆ, ನಂಗೇ ಬೀಪಿ ಬಂತು. ಬ್ಯಾಡ ಬುಡಿ" ಅಂದು ಮತ್ತೆ ಕಿಟಕಿಗೆ ತಲೆ ಆನಿಸಿದಳು. ಈ ಸಲ ನಿಜವಾಗಿಯೂ ನಿದ್ದೆ ಹೋದಳು.

ದೊಡ್ಡವನು, ಚಿಕ್ಕವನು

ಇದು ಸ್ವಲ್ಪ ಹೆದರಿಕೆ ಹುಟ್ಟಿಸಿದ ಪ್ರಸಂಗ. ತಣಿಸಂದ್ರದ ಹಳೇ ಮನೆತನದ ಅಣ್ಣತಮ್ಮಂದಿರಿಬ್ಬರು ಎರಡು ಮನೆಗಳ ನಡುವಿನ ಓಣಿಯ ವಿಷಯಕ್ಕೆ ಕೋರ್ಟು ಹತ್ತಿದ್ದರು. ಪಕ್ಕಪಕ್ಕದಲ್ಲೇ ಇದ್ದರೂ ಮಾತು ಬಿಟ್ಟು ವರ್ಷಗಳಾಗಿತ್ತು. ನಮ್ಮ ವಕೀಲ ಅಣ್ಣನ ಕಡೆಯವನು. ರಾಜಿ ಮಾತುಕತೆಗೆ ಅನುಕೂಲ ಅಂತ ಇಬ್ಬರನ್ನೂ ಸೇರಿಸಿ ಫೋನಿನಲ್ಲಿ ಒಂದು ಗ್ರೂಪ್ ಮಾಡಿದ್ದ. ಅಣ್ಣನನ್ನು 'ದೊಡ್ಡೋನು', ತಮ್ಮನನ್ನು 'ಚಿಕ್ಕೋನು' ಅಂತಲೇ ಊರೆಲ್ಲ ಕರೆಯುತ್ತಿದ್ದದ್ದು.

ಆ ವಾರ ನನ್ನ ಕಥೆಯಲ್ಲಿ ಸೇತುವೆ ಕಾಯುವ ಇಬ್ಬರು ರಾಕ್ಷಸರು ಬಂದಿದ್ದರು. ಒಬ್ಬ ದೊಡ್ಡವನು, ಒಬ್ಬ ಚಿಕ್ಕವನು. ವಕೀಲ ಕೋರ್ಟಿನ ಜಗಲಿಯಲ್ಲಿ ಕೂತು ನಮ್ಮ ಆಟದ ಗ್ರೂಪಿಗೆ ಹೀಗೆ ಬರೆದ: "ಯೋಚನೆ ಮಾಡಿ ನೋಡಿದೆ, ದೃಷ್ಟಿನೇ ವಾಸಿ. ದೊಡ್ಡವನು ಸತ್ತ ತಕ್ಷಣ ಅದನ್ನ ಚಿಕ್ಕವನ ಮೇಲೆ ವರ್ಗಾಯಿಸಬಹುದು. ಭಾನುವಾರ ಇಬ್ಬರನ್ನೂ ಮುಗಿಸಿಬಿಡೋಣ."

ಹೋದದ್ದು ಮಾತ್ರ ಅಣ್ಣತಮ್ಮಂದಿರ ಗ್ರೂಪಿಗೆ.

ಆಗಿನ್ನೂ ಕಳಿಸಿದ್ದನ್ನು ಅಳಿಸುವ ಸೌಕರ್ಯ ಬಂದಿರಲಿಲ್ಲ. ವಕೀಲ ನನ್ನ ಅಂಗಡಿಗೆ ಓಡಿ ಬಂದಾಗ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. "ಇಬ್ಬರೂ ಫೋನ್ ಎತ್ತುತ್ತಿಲ್ಲ ಮಗಾ. ಕಂಪ್ಲೇಂಟ್ ಕೊಟ್ರೆ ನನ್ನ ಸನ್ನದು ಹೋಗುತ್ತೆ. ಆ ಪುಸ್ತಕ ತಗೊಂಡು ಬಾ, ಸಾಕ್ಷಿಗೆ ಬೇಕು." ಅಂಗಡಿಗೆ ಅರ್ಧ ಶಟರ್ ಎಳೆದು ಸ್ಕೂಟರಿನಲ್ಲಿ ಹೊರಟೆವು. ತಣಿಸಂದ್ರದವರೆಗೂ ಅವನು ನನ್ನ ಬೆನ್ನ ಹಿಂದೆ ಅದ್ಯಾವುದೋ ದೇವರ ಹೆಸರು ಹೇಳಿಕೊಳ್ಳುತ್ತಲೇ ಇದ್ದ.

ಹೋಗಿ ನೋಡಿದರೆ ಆ ಓಣಿಯ ನಡುಮಧ್ಯದಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ. ಅಣ್ಣತಮ್ಮ ಇಬ್ಬರೂ ಕೂತು ಕಾಫಿ ಕುಡಿಯುತ್ತಿದ್ದಾರೆ. ಮೆಸೇಜು ಓದಿದ ಅಣ್ಣ, ತಮ್ಮನೇ ವಕೀಲನನ್ನು ಬುಟ್ಟಿಗೆ ಹಾಕಿಕೊಂಡಿದ್ದಾನೆ ಅಂತ ಸಿಟ್ಟಾಗಿ ಆಚೆ ಬಂದಿದ್ದ. ಅಣ್ಣನೇ ಇದನ್ನು ಮಾಡಿಸುತ್ತಿದ್ದಾನೆ ಅಂತ ತಮ್ಮನೂ ಆಚೆ ಬಂದಿದ್ದ. ಎದುರುಬದುರಾಗಿ, "ನನ್ನ ಸಾಯಿಸೋಕೆ ಹೊರಟಿದೀಯೇನೋ?" "ನಾನ್ಯಾಕಣ್ಣ ಸಾಯಿಸ್ಲಿ? ನನ್ ಹೆಸರೂ ಇದೆಯಲ್ಲ ಅದ್ರಲ್ಲಿ!" ಅಂತ ಶುರುವಾದ ಮಾತು, ಇಬ್ಬರಿಗೂ ಶತ್ರು ಒಬ್ಬನೇ ಅನ್ನುವಲ್ಲಿಗೆ ಬಂದು ನಿಂತಿತ್ತು.

"ಬನ್ನಿ ವಕೀಲ್ರೇ," ಅಂದ ಅಣ್ಣ ತಣ್ಣಗೆ. "ಭಾನುವಾರ ಅಂದಿದ್ರಿ, ಬೇಗ ಬಂದ್ಬಿಟ್ರಲ್ಲ."

ವಕೀಲ ಪುಸ್ತಕ ಬಿಡಿಸಿ, ಇದು ದೃಷ್ಟಿ, ಇದು ದಾಳ, ಇವರೇ ಆ ದೊಡ್ಡವನು ಮತ್ತು ಚಿಕ್ಕವನು ಅಂತ ರಾಕ್ಷಸರ ಚಿತ್ರ ತೋರಿಸಿದ. ಕೋರ್ಟಿನಲ್ಲಿ ಅಷ್ಟು ಚೆನ್ನಾಗಿ ವಾದ ಮಾಡಿದ್ದನ್ನು ನಾನಂತೂ ನೋಡಿರಲಿಲ್ಲ. ತಮ್ಮ ಪುಸ್ತಕವನ್ನು ಇಸಿದುಕೊಂಡು ಆ ದಪ್ಪ ಹೊಟ್ಟೆಯ, ಕೋರೆಹಲ್ಲಿನ ರಾಕ್ಷಸನನ್ನು ತುಂಬ ಹೊತ್ತು ನೋಡಿದ. ಆಮೇಲೆ, "ಅಣ್ಣಾ, ಇದು ಥೇಟ್ ನೀನೇ ಕಣೋ" ಅಂದ.

ಅಣ್ಣ ಹೊಟ್ಟೆ ಕುಣಿಯುವ ಹಾಗೆ ನಗತೊಡಗಿದ. ತಮ್ಮನೂ ನಕ್ಕ. ಎರಡೂ ಮನೆಯ ಹೆಂಗಸರು ಬಾಗಿಲಿಗೆ ಬಂದು, ಇವರಿಬ್ಬರೂ ನಗುವುದನ್ನು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಮುಂದಿನ ತಾರೀಖಿಗೆ ಕೇಸು ವಾಪಸ್ಸು ಅಂತ ಇಬ್ಬರೂ ಅಲ್ಲೇ ಹೇಳಿದರು.

"ಇಬ್ಬರನ್ನೂ ಮುಗಿಸೋಣ ಅಂತಿದ್ದೆ," ಅಂದ ವಕೀಲ, ಸ್ಕೂಟರ್ ಹತ್ತುತ್ತಾ. "ನನ್ನ ಕೇಸೇ ಮುಗೀತು."

ಮಾಕಳಿಯ ಅಜ್ಜಿ

ಮೇಷ್ಟ್ರಿಗೆ ಮದುವೆಗೆ ಹೆಣ್ಣು ಸಿಗುತ್ತಿರಲಿಲ್ಲ. ಒಳ್ಳೆಯ ಮನುಷ್ಯ, ಸ್ವಂತ ಮನೆ, ಸಂಬಳದ ಕೆಲಸ. ಆದರೆ ಹೋದಲ್ಲೆಲ್ಲ ಹವ್ಯಾಸ ಏನು ಅಂತ ಕೇಳುತ್ತಿದ್ದರು, ಇವರು ಸತ್ಯ ಹೇಳುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಹಾಗಾಗಿ ಮಾಕಳಿಯ ಸಂಬಂಧ ನೋಡಲು ಹೊರಟ ದಿನ ಅವರ ತಾಯಿ ಕಾರಿನಲ್ಲಿ ನನಗೇ ಹೇಳಿದರು, "ನೋಡಪ್ಪಾ, ಆ ಆಟದ ವಿಷಯ ಇವನ ಬಾಯಿಂದ ಬರದ ಹಾಗೆ ನೋಡ್ಕೊಳೋದು ನಿನ್ನ ಜವಾಬ್ದಾರಿ. ಈ ಹುಡುಗಿ ಫೋಟೋ ನೋಡಿದಾಗಿನಿಂದ ಇವನು ಮಂಕಾಗಿದಾನೆ. ಇದೂ ತಪ್ಪಿದ್ರೆ ಇನ್ನು ಎಲ್ಲಿಗೂ ಬರಲ್ಲ ಅಂತಿದಾನೆ."

ಗೇಟಿನಲ್ಲೇ ಹುಡುಗಿಯ ತಂದೆ ನಮ್ಮನ್ನು ಎದುರುಗೊಂಡು ಮೆಲ್ಲಗೆ ಹೇಳಿದರು, "ಒಳಗೆ ನಮ್ಮಮ್ಮ ಇದಾರೆ. ಏನಾದ್ರೂ ಅಂದ್ರೆ ಮನಸ್ಸಿಗೆ ಹಚ್ಕೋಬೇಡಿ. ಅವರ ಬಾಯಿಗೆ ಊರೇ ಹೆದರುತ್ತೆ. ಅವರು ಹೂಂ ಅಂದ್ರೆ ಮಾತ್ರ ಮುಂದಿನ ಮಾತು."

ನಡುಮನೆಯ ಚಾಪೆಯ ಮೇಲೆ ಅಜ್ಜಿ ಗೋಡೆಗೆ ಒರಗಿ ಕೂತಿದ್ದರು. ಮೇಷ್ಟ್ರು ಭಕ್ತಿಯಿಂದ ಕಾಲಿಗೆ ಬಗ್ಗಿದರು. ಅವರ ಜೇಬಿನಿಂದ ಇಪ್ಪತ್ತು ಮುಖದ ಹಸಿರು ದಾಳ ಜಾರಿ, ಟಣಟಣ ಉರುಳಿಕೊಂಡು ಹೋಗಿ ಅಜ್ಜಿಯ ಪಾದಕ್ಕೆ ತಾಗಿ ನಿಂತಿತು.

ಅಜ್ಜಿ ಅದನ್ನೆತ್ತಿ ಬೆಳಕಿಗೆ ಹಿಡಿದರು. "ಇದೇನ್ಲಾ ಇದು? ಜೂಜಾಡ್ತೀಯಾ?"

ಹುಡುಗಿಯ ತಂದೆಯ ಮುಖ ಕಪ್ಪಿಟ್ಟಿತು. ಮೇಷ್ಟ್ರ ತಾಯಿ ನನ್ನ ಕಡೆ ನೋಡಿದರು. ನಾನು "ಅದು ಮಕ್ಕಳ..." ಅಂತ ಏನೋ ಹೊಂದಿಸುವಷ್ಟರಲ್ಲಿ ಮೇಷ್ಟ್ರು ಸತ್ಯವಂತರಲ್ಲವೇ, "ಅಯ್ಯೋ ಇಲ್ಲ ಅಜ್ಜಿ, ಜೂಜಲ್ಲ. ಶಾಪ ಹಾಕೋಕೆ" ಅಂದುಬಿಟ್ಟರು.

ಅಡುಗೆಮನೆಯಲ್ಲಿ ಲೋಟವೊಂದು ಬಿದ್ದ ಸದ್ದಾಯಿತು.

ಅಜ್ಜಿ ನೆಟ್ಟಗೆ ಕೂತರು. "ಏಳಪ್ಪ ಅಂಗಾದ್ರೆ."

ಮೇಷ್ಟ್ರು ಎದ್ದು ನಿಂತರು.

"ಯಾಕ್ ನಿಂತ್ಕಂಡೆ? ಏಳು ಅಂದೆ!"

"ಎದ್ದಿದೀನಿ ಅಜ್ಜಿ."

ನಾನು ಅವರ ಪಂಚೆ ಎಳೆದು, "ಹೇಳು ಅಂತಿದಾರೆ, ಕೂತ್ಕೊಂಡು ಹೇಳು" ಅಂತ ಪಿಸುಗುಟ್ಟಿದೆ. ಮೇಷ್ಟ್ರು ಕೂತು, ಬೆವರುತ್ತಾ, ಶಾಲೆಯಲ್ಲಿ ಪಾಠ ಮಾಡುವ ಹಾಗೆ ದೃಷ್ಟಿ ಯಾವುದು, ಶಾಪ ಯಾವುದು ಅಂತ ವಿವರಿಸಿದರು. ಅವರ ತಾಯಿ ಕಣ್ಣು ಮುಚ್ಚಿಕೊಂಡರು. ಸಂಬಂಧ ಹೋಯಿತು ಅಂತ ನಾನೂ ಕಾರಿನ ಕೀ ಹುಡುಕತೊಡಗಿದೆ.

ಆದರೆ ಅಜ್ಜಿ ಮಾತ್ರ ಕಸುಬಿನವರು ಕಸುಬಿನವರನ್ನು ವಿಚಾರಿಸುವ ಹಾಗೆ ಮುಂದಕ್ಕೆ ಬಾಗಿದ್ದರು. "ಒಂದ್ ಕಿತ ಆಕಿದ್ರೆ ಎಷ್ಟ್ ಜನಕ್ಕೆ ತಗಲ್ತದೆ?"

"ಒಬ್ಬರಿಗೆ ಅಜ್ಜಿ."

"ಒಬ್ರಿಗಾ? ನಾನು ನಲ್ಲಿ ತಾವ ನಿಂತು ಬಾಯಿ ಬುಟ್ರೆ ಇಡೀ ಬೀದಿಗೆ ತಗಲ್ತದೆ. ಮುಟ್ಲೇಬೇಕಾ?"

"ಹೌದಜ್ಜಿ. ಶಾಪಕ್ಕೆ ಮುಟ್ಟಲೇಬೇಕು. ಅದೂ ಎದುರಿನವರು ದಾಳ ಹಾಕಿ ಗೆದ್ರೆ ತಗಲಲ್ಲ."

"ಅಂಗಂದ್ರೆ? ಶಾಪ ಆಕುಸ್ಕೊಳೋನ್ನೇ ಕೇಳ್ಬೇಕಾ, ತಗಲಿಸ್ಕತೀಯೇನಪ್ಪಾ ಅಂತ?"

"ಒಂದು ಥರ ಹಾಗೇ ಅಜ್ಜಿ."

ಅಜ್ಜಿ ಮೊಮ್ಮಗಳು ಇಣುಕುತ್ತಿದ್ದ ಬಾಗಿಲ ಕಡೆ ಒಮ್ಮೆ ನೋಡಿದರು. ಹುಡುಗಿ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಿದ್ದಳು, ಭುಜ ಅಲುಗುತ್ತಿತ್ತು. "ಓಗ್ಲಿ, ತಗಲ್ತು ಅನ್ನು. ಎಷ್ಟ್ ಕಾಲ ಇರ್ತದೆ?"

"ಒಂದು ನಿಮಿಷ."

"ಒಂದ್ ನಿಮ್ಸ!" ಅಜ್ಜಿಯ ದನಿ ಬೀದಿಯವರೆಗೂ ಕೇಳಿಸಿರಬೇಕು. "ಅಲ್ಲಲಾ, ನಮ್ ಎಮ್ಮೆ ಒಡ್ಕಂಡೋದೋನಿಗೆ ನಾನು ಮದ್ವೆಯಾದ ಒಸದ್ರಲ್ಲಿ ಆಕಿದ್ದು. ಅವನ ಮೊಮ್ಮಕ್ಳಿಗೂ ಇನ್ನೂ ತಲೆಗೂದ್ಲು ನಿಂತಿಲ್ಲ!"

ಮೇಷ್ಟ್ರಿಗೆ ಅಭಿಮಾನಭಂಗವಾಯಿತು. "ಮೇಲಿನ ಹಂತಕ್ಕೆ ಹೋದ್ರೆ ಇನ್ನೂ ಜಾಸ್ತಿ ಹೊತ್ತು ಇರುತ್ತೆ ಅಜ್ಜಿ" ಅಂತ ಶುರು ಮಾಡಿದರು. ನಾನು ಅವರ ಕಾಲು ತುಳಿದೆ.

ಅಜ್ಜಿ ದಾಳವನ್ನು ಅವರ ಅಂಗೈಗೆ ಹಾಕಿ, ಬೆರಳು ಮಡಚಿ, ಕೈಯನ್ನು ಎರಡು ಸಲ ತಟ್ಟಿದರು. ಆಮೇಲೆ ಮಗನ ಕಡೆ ತಿರುಗಿ ಹೇಳಿದರು:

"ಈ ಮಗ ಸಿಟ್ಟು ಬಂದ್ರೆ ದಾಳ ಆಕ್ಬೇಕು, ಎದುರ್ಗಿದ್ದೋರ ಅಪ್ಪಣೆ ಕೇಳ್ಬೇಕು, ಆಮ್ಯಾಕೆ ಒಂದ್ ನಿಮ್ಸ ಸಿಟ್ಟಾಗಿರ್ಬೇಕು. ಇಂಥ ಗಂಡ ನಮ್ ಕಾಲ್ದಾಗೆ ಸಿಕ್ಕಿದ್ರೆ ನಾನು ಶಾಪ ಆಕೋದೇ ಕಲೀತಿರ್ಲಿಲ್ಲ. ಕೊಟ್ಬುಡ್ಲಾ ಉಡುಗೀನ."